ಬಿಪಿಗೂ ಪ್ರಾಸ್ಟೇಟಿಗೂ ಒಂದೇ ಮಾತ್ರೆ: ಎಲ್ಲಿ ತಪ್ಪಿತು ಲೆಕ್ಕ?

ಕುಷಾಯಿಗೂಡ ಹೈದರಾಬಾದಿನ ಈಶಾನ್ಯ ಅಂಚಿನಲ್ಲಿ ಕಾರ್ಖಾನೆಗಳನ್ನು ನಂಬಿ ಬೆಳೆದ ಬಡಾವಣೆ. 1967ರಲ್ಲಿ ಎಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಸರ್ಕಾರಿ ಕಂಪನಿ ಇಸಿಐಎಲ್ ಬಂತು. 1971ರಲ್ಲಿ ಅದರ ಮಗ್ಗುಲಿಗೇ ಅಣು ರಿಯಾಕ್ಟರುಗಳಿಗೆ ಇಂಧನ ತಯಾರಿಸುವ ಎನ್‌ಎಫ್‌ಸಿ ಬಂತು. ಜತೆಗೆ ಚೆರ್ಲಪಲ್ಲಿಯ ಸಣ್ಣ ದೊಡ್ಡ ಕೈಗಾರಿಕೆಗಳು, ಆರ್‌ಟಿಸಿ ಬಸ್ ಡಿಪೊ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರಾಗಿ ಇಲ್ಲಿಗೆ ಕೆಲಸಕ್ಕೆ ಬಂದ ತೆಲುಗರು, ಮರಾಠಿಗರು, ಬೀದರ್, ಕಲಬುರಗಿ, ರಾಯಚೂರು ಕಡೆಯ ಕನ್ನಡಿಗರು ಈಗ ಬಹುಪಾಲು ಅರವತ್ತು ದಾಟಿದ ನಿವೃತ್ತರು. ಒಂದು ಇಡೀ ತಲೆಮಾರು ಒಟ್ಟಿಗೇ ಮುಪ್ಪಿಗೆ ಕಾಲಿಟ್ಟ ಇಂಥ ಕಡೆ ಎರಡು ಕಾಯಿಲೆಗಳು ಒಂದೇ ಮನುಷ್ಯನಲ್ಲಿ ಜೊತೆಯಾಗಿ ಕಾಣಿಸುವುದು ಅಪರೂಪವಲ್ಲ. ಮೊದಲನೆಯದು ರಕ್ತದೊತ್ತಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದು ದಾಟಿದ ಭಾರತೀಯ ಗಂಡಸರಲ್ಲಿ ನೂರಕ್ಕೆ 24 ಮಂದಿಗೆ ಬಿಪಿ ಹೆಚ್ಚಿದೆ, ಇಲ್ಲವೇ ಅದಕ್ಕೆ ಮಾತ್ರೆ ನಡೆಯುತ್ತಿದೆ. ವಯಸ್ಸು ಏರಿದಂತೆ ಈ ಪಾಲೂ ಏರುತ್ತದೆ. ಎರಡನೆಯದು ಪ್ರಾಸ್ಟೇಟ್ ಗ್ರಂಥಿಯ ಹಿಗ್ಗುವಿಕೆ. ಐವತ್ತರ ದಶಕದ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಗ್ರಂಥಿಯಲ್ಲಿ ಇದರ ಗುರುತು ಇರುತ್ತದೆ, ಎಂಬತ್ತು ದಾಟಿದವರಲ್ಲಿ ಬಹುಪಾಲು ಎಲ್ಲರಲ್ಲೂ. ಗ್ರಂಥಿ ಹಿಗ್ಗಿದವರಿಗೆಲ್ಲ ತೊಂದರೆಯಾಗುತ್ತದೆ ಎಂದಲ್ಲ. ತೊಂದರೆಯಾದವರಿಗೆ ಮಾತ್ರ ಮೂತ್ರದ ಧಾರೆ ಸಣ್ಣಗಾಗುತ್ತದೆ, ಮುಗಿಸಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸುತ್ತದೆ, ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ.

ಹೀಗಿರುವಾಗ ಎರಡಕ್ಕೂ ಒಂದೇ ಮಾತ್ರೆ ಸಾಲದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದು ಬರಿಯ ರೋಗಿಯ ಆಸೆಯಾಗಿರಲಿಲ್ಲ. ವೈದ್ಯಶಾಸ್ತ್ರವೇ ಹತ್ತು ಹದಿನೈದು ವರ್ಷ ಈ ಲೆಕ್ಕವನ್ನು ನಂಬಿತ್ತು, ಅದಕ್ಕೆ ಗಟ್ಟಿ ಆಧಾರವೂ ಇತ್ತು. ಅಮೆರಿಕದ ರೇಮಂಡ್ ಅಹ್ಲ್‌ಕ್ವಿಸ್ಟ್ 1948ರಲ್ಲಿ ಒಂದು ವಿಚಾರ ಮುಂದಿಟ್ಟರು: ಅಡ್ರಿನಲಿನ್ ಜಾತಿಯ ರಾಸಾಯನಿಕಗಳು ದೇಹದಲ್ಲಿ ಎರಡು ಬಗೆಯ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತವೆ, ಒಂದು ಆಲ್ಫಾ, ಇನ್ನೊಂದು ಬೀಟಾ. ರಕ್ತನಾಳದ ಗೋಡೆಯ ಸ್ನಾಯುವನ್ನು ಬಿಗಿಗೊಳಿಸುವುದು ಆಲ್ಫಾ. ಅದನ್ನು ತಡೆದರೆ ನಾಳ ಸಡಿಲವಾಗುತ್ತದೆ, ಬಿಪಿ ಇಳಿಯುತ್ತದೆ. ಎಪ್ಪತ್ತರ ದಶಕದಲ್ಲಿ ಬಂದ ಪ್ರಾಜೋಸಿನ್ ಕೆಲಸ ಮಾಡಿದ್ದು ಹೀಗೆ. ಅದೇ ದಶಕದ ನಡುವಿನಲ್ಲಿ ಜೆರುಸಲೇಮಿನ ಮೂತ್ರರೋಗ ತಜ್ಞ ಮಾರ್ಕೊ ಕೇನ್ ಮತ್ತು ಸಂಗಡಿಗರು ಪ್ರಾಸ್ಟೇಟಿನ ಒಳಗೂ ಅದರ ಕವಚದಲ್ಲೂ ಇದೇ ಆಲ್ಫಾ ಗ್ರಾಹಕಗಳಿವೆ ಎಂದು ತೋರಿಸಿದರು. ಎಂದರೆ ಮೂತ್ರ ತಡೆಯುವುದು ಗ್ರಂಥಿಯ ಗಾತ್ರ ಮಾತ್ರವಲ್ಲ. ತೋಟಕ್ಕೆ ನೀರು ಬಿಡುವ ಪೈಪನ್ನು ಯಾರೋ ಬೆರಳಿನಿಂದ ಅದುಮಿ ಹಿಡಿದ ಹಾಗೆ, ಅಲ್ಲಿನ ಸ್ನಾಯುವಿನ ಬಿಗಿತವೂ ತಡೆಯುತ್ತದೆ. ಆಲ್ಫಾ ತಡೆಯುವ ಮಾತ್ರೆ ಕೊಟ್ಟರೆ ಬಿಗಿತ ಸಡಿಲವಾಗಿ ಕೆಲವೇ ದಿನಗಳಲ್ಲಿ ಧಾರೆ ಸರಾಗವಾಗುತ್ತದೆ. ನಾಳವೂ ಸಡಿಲ, ಪ್ರಾಸ್ಟೇಟೂ ಸಡಿಲ. ಅಮೆರಿಕದ ಔಷಧ ನಿಯಂತ್ರಕರು ಟೆರಾಜೋಸಿನ್‌ಗೆ 1987ರಲ್ಲಿ ಬಿಪಿಗೆಂದು, 1993ರಲ್ಲಿ ಪ್ರಾಸ್ಟೇಟಿಗೆಂದು ಒಪ್ಪಿಗೆ ಕೊಟ್ಟರು. ಡಾಕ್ಸಾಜೋಸಿನ್‌ಗೆ 1990ರಲ್ಲಿ ಮತ್ತು 1995ರಲ್ಲಿ. ಅರವತ್ತು ದಾಟಿದ, ಬಿಪಿ ಇರುವ ಗಂಡಸಿಗೆ ಇದಕ್ಕಿಂತ ಜಾಣತನದ ಚೀಟಿ ಇನ್ನೊಂದಿಲ್ಲ ಎಂಬ ಮಾತು ಆಗ ಪಠ್ಯಪುಸ್ತಕಗಳವರೆಗೂ ಹೋಗಿತ್ತು.

ಈ ಲೆಕ್ಕವನ್ನು ಕೆಡಿಸಿದ್ದು ಆಲ್‌ಹ್ಯಾಟ್ ಎಂಬ ಹೆಸರಿನ ಪರೀಕ್ಷೆ. ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 1994ರಲ್ಲಿ ಶುರುಮಾಡಿದ ಇದರಲ್ಲಿ 55 ದಾಟಿದ, ಬಿಪಿಯ ಜತೆಗೆ ಹೃದಯದ ಅಪಾಯ ಹೆಚ್ಚಿಸುವ ಇನ್ನೊಂದಾದರೂ ಕಾರಣವಿದ್ದ 42 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ನಾಲ್ಕು ಔಷಧಗಳನ್ನು ಎದುರುಬದುರು ನಿಲ್ಲಿಸಿ ಯಾವುದು ಹೃದಯವನ್ನು ಹೆಚ್ಚು ಕಾಯುತ್ತದೆ ಎಂದು ನೋಡುವುದು ಉದ್ದೇಶ. ಡಾಕ್ಸಾಜೋಸಿನ್ ಪಾಲಿಗೆ 9,067 ಜನ ಬಂದರೆ, ಕ್ಲೋರ್‌ಥ್ಯಾಲಿಡೋನ್ ಎಂಬ ಹಳೆಯ, ಅಗ್ಗದ, ಮೂತ್ರ ಹೆಚ್ಚಿಸುವ ಮಾತ್ರೆಯ ಪಾಲಿಗೆ 15,268 ಜನ. ಪರೀಕ್ಷೆ ಮುಗಿಯಲು ಇನ್ನೂ ಎರಡು ವರ್ಷ ಬಾಕಿ ಇರುವಾಗಲೇ, 2000ದ ಆರಂಭದಲ್ಲಿ, ಡಾಕ್ಸಾಜೋಸಿನ್ ಭಾಗವನ್ನು ನಿಲ್ಲಿಸಬೇಕಾಯಿತು. ಹೃದಯಾಘಾತದಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಆದರೆ ಹೃದಯ ದುರ್ಬಲಗೊಂಡು ಶ್ವಾಸಕೋಶದಲ್ಲಿ, ಕಾಲಿನಲ್ಲಿ ನೀರು ನಿಲ್ಲುವ ಹೃದಯ ವೈಫಲ್ಯ ಡಾಕ್ಸಾಜೋಸಿನ್ ಗುಂಪಿನಲ್ಲಿ ಎರಡು ಪಟ್ಟಾಗಿತ್ತು. ನಾಲ್ಕು ವರ್ಷಗಳ ಲೆಕ್ಕದಲ್ಲಿ ಇಲ್ಲಿ ನೂರಕ್ಕೆ ಎಂಟು, ಅಲ್ಲಿ ನಾಲ್ಕೂವರೆ. ಪಾರ್ಶ್ವವಾಯುವೂ ಕೊಂಚ ಹೆಚ್ಚು. ಬಿಪಿಯ ಅಂಕಿಯನ್ನಷ್ಟೇ ನೋಡಿದರೆ ಎರಡರ ನಡುವಿನ ಅಂತರ ಮೇಲಿನ ಸಂಖ್ಯೆಯಲ್ಲಿ ಎರಡು ಮೂರು ಪಾಯಿಂಟು, ಅಷ್ಟೆ. ಅಂಕಿ ಇಳಿಸುವ ಎರಡು ಔಷಧಗಳು ಹೃದಯವನ್ನು ಒಂದೇ ಬಗೆಯಲ್ಲಿ ಕಾಯುತ್ತವೆ ಎಂದು ನಂಬಿಕೊಂಡಿದ್ದವರಿಗೆ ಇದು ದೊಡ್ಡ ಪೆಟ್ಟು. ಆಮೇಲೆ ಬಂದ ಮಾರ್ಗಸೂಚಿಗಳಲ್ಲಿ ಆಲ್ಫಾ ತಡೆಯುವ ಮಾತ್ರೆಗಳು ಬಿಪಿಯ ಮೊದಲ ಸಾಲಿನಿಂದ ಕೆಳಗಿಳಿದವು. ಪ್ರಾಸ್ಟೇಟಿಗೆಂದು ಈ ಮಾತ್ರೆ ಕೊಟ್ಟರೆ ಬಿಪಿಯನ್ನೂ ನೋಡಿಕೊಂಡಂತಾಯಿತು ಎಂದು ಎಣಿಸಬಾರದು, ಬಿಪಿಗೆ ಬೇರೆಯೇ ಚಿಕಿತ್ಸೆ ಬೇಕಾಗಬಹುದು ಎಂದು ಮೂತ್ರರೋಗ ತಜ್ಞರ ಸಂಘಗಳೂ ಹೇಳಿದವು.

ಆಲ್‌ಹ್ಯಾಟ್‌ಗೆ ಆಕ್ಷೇಪಗಳು ಬರದೆ ಇರಲಿಲ್ಲ, ಕೆಲವು ತೂಕದವೇ. ಮೊದಲನೆಯದು: ಹೋಲಿಸಿದ್ದು ಕ್ಲೋರ್‌ಥ್ಯಾಲಿಡೋನ್ ಜತೆಗೆ, ಅದು ದೇಹದ ನೀರನ್ನೇ ಹೊರಹಾಕುವ ಮಾತ್ರೆ, ಹೃದಯ ವೈಫಲ್ಯದ ಲಕ್ಷಣಗಳನ್ನು ಅದು ಮುಚ್ಚಿಟ್ಟಿರಬಹುದು, ಡಾಕ್ಸಾಜೋಸಿನ್ ಹಾನಿ ಮಾಡಿತು ಎನ್ನುವುದಕ್ಕಿಂತ ಕ್ಲೋರ್‌ಥ್ಯಾಲಿಡೋನ್ ಹೆಚ್ಚು ಕಾಯಿತು ಎನ್ನಬೇಕು. ಒಪ್ಪೋಣ. ಆದರೆ ರೋಗಿಯ ಕಡೆಯಿಂದ ನೋಡಿದರೆ ಎರಡಕ್ಕೂ ಅರ್ಥ ಒಂದೇ: ಅಗ್ಗದ ಮಾತ್ರೆಯೊಂದು ಕೊಡಬಲ್ಲ ರಕ್ಷಣೆ ಡಾಕ್ಸಾಜೋಸಿನ್ ಒಂದನ್ನೇ ನೆಚ್ಚಿಕೊಂಡವನಿಗೆ ಸಿಗಲಿಲ್ಲ. ಎರಡನೆಯದು: ಅನೇಕರು ಮೊದಲೇ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದು ಅದನ್ನು ನಿಲ್ಲಿಸಿ ಪರೀಕ್ಷೆಗೆ ಬಂದವರು, ಹಳೆಯ ಮಾತ್ರೆ ಬಿಟ್ಟ ಪರಿಣಾಮವೇ ಹೃದಯ ವೈಫಲ್ಯವಾಗಿ ಕಂಡಿರಬಹುದು. ಹಾಗಿದ್ದರೆ ವ್ಯತ್ಯಾಸ ಮೊದಲ ತಿಂಗಳುಗಳಲ್ಲೇ ಮುಗಿಯಬೇಕಿತ್ತು; ಮೊದಲ ವರ್ಷ ಕಳೆದ ಮೇಲೂ ಅದು ಉಳಿದಿತ್ತು. ಮೂರನೆಯ ಆಕ್ಷೇಪ ನಿಜಕ್ಕೂ ಗಟ್ಟಿಯಾದದ್ದು, ಅದು ನನ್ನ ವಾದವನ್ನು ಒಂದಿಷ್ಟು ತಿದ್ದುತ್ತದೆ. ಯುರೋಪಿನ ಆಸ್ಕಾಟ್ ಪರೀಕ್ಷೆಯಲ್ಲಿ ಬೇರೆ ಎರಡು ಮಾತ್ರೆಗಳ ಮೇಲೆ ಮೂರನೆಯದಾಗಿ ಡಾಕ್ಸಾಜೋಸಿನ್ ಸೇರಿಸಿದಾಗ ಬಿಪಿ ಚೆನ್ನಾಗಿ ಇಳಿಯಿತು, ಹೃದಯ ವೈಫಲ್ಯ ಹೆಚ್ಚಾದದ್ದು ಕಾಣಲಿಲ್ಲ. ಬ್ರಿಟನ್ನಿನ ಪಾತ್‌ವೇ-2 ಪರೀಕ್ಷೆ 2015ರಲ್ಲಿ ಪ್ರಕಟವಾಯಿತು. ಮೂರು ಮಾತ್ರೆಗೂ ಬಗ್ಗದ ಬಿಪಿಗೆ ನಾಲ್ಕನೆಯದಾಗಿ ಸ್ಪೈರೊನೊಲ್ಯಾಕ್ಟೋನ್ ಗೆದ್ದಿತಾದರೂ ಡಾಕ್ಸಾಜೋಸಿನ್ ಕೂಡ ಕೆಲಸ ಮಾಡಿತು. ನಮ್ಮಲ್ಲಿ ಕಿಡ್ನಿ ತೊಂದರೆ ಇರುವವರ ಚೀಟಿಯಲ್ಲಿ ಪ್ರಾಜೋಸಿನ್ ಇವತ್ತಿಗೂ ಕಾಣುವುದು ಇದೇ ಕಾರಣಕ್ಕೆ. ಹಾಗಾಗಿ ಆಲ್ಫಾ ತಡೆಯುವ ಮಾತ್ರೆ ಬಿಪಿಗೆ ವಿಷ ಎಂಬ ಮಾತು ಸುಳ್ಳು. ಬಿಪಿಯ ಕೆಲಸವನ್ನು ಬೇರೆ ಮಾತ್ರೆಗಳು ಹೊತ್ತುಕೊಂಡಿರುವಾಗ ಇದು ಒಳ್ಳೆಯ ಸಹಾಯಕ. ಎರಡೂ ಕಾಯಿಲೆಗಳನ್ನು ಇದರ ತಲೆಗೇ ಕಟ್ಟುವುದು ತಪ್ಪು.

ಈಗ ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಪ್ರಾಸ್ಟೇಟಿಗೆಂದು ಹೆಚ್ಚಾಗಿ ಬರೆಯುವುದು ಟ್ಯಾಮ್ಸುಲೋಸಿನ್. ಯುರಿಮ್ಯಾಕ್ಸ್, ವೆಲ್‌ಟ್ಯಾಮ್ ಮುಂತಾದ ಹೆಸರುಗಳಲ್ಲಿ ಜನಕ್ಕೆ ಪರಿಚಿತ. ಇದು ಪ್ರಾಸ್ಟೇಟಿನಲ್ಲಿ ಹೆಚ್ಚಾಗಿರುವ ಆಲ್ಫಾ-1ಎ ಗ್ರಾಹಕವನ್ನೇ ಆಯ್ದು ಹಿಡಿಯುತ್ತದೆ, ರಕ್ತನಾಳವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ; ಸಿಲೋಡೋಸಿನ್ ಇನ್ನೂ ಹೆಚ್ಚು ಆಯ್ದು ಹಿಡಿಯುತ್ತದೆ. ಎಂದರೆ ಹಳೆಯ ಲೆಕ್ಕದ ಅರ್ಧವನ್ನು ವಿಜ್ಞಾನಿಗಳು ಬೇಕೆಂದೇ ಕೈಬಿಟ್ಟರು. ಆದರೆ ಬಿಪಿಗೆ ಏನೂ ಮಾಡುವುದಿಲ್ಲ ಎಂಬ ಮಾತು ಕೂಡ ಪೂರ್ತಿ ನಿಜವಲ್ಲ. 2013ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಟ್ಯಾಮ್ಸುಲೋಸಿನ್ ಶುರುಮಾಡಿದ ಮೊದಲ ನಾಲ್ಕು ವಾರಗಳಲ್ಲಿ ಬಿಪಿ ತೀರಾ ಕುಸಿದು ಆಸ್ಪತ್ರೆ ಸೇರುವ ಪ್ರಮಾಣ ಎರಡು ಪಟ್ಟಾಗಿತ್ತು, ಮುಂದಿನ ನಾಲ್ಕು ವಾರ ಒಂದೂವರೆ ಪಟ್ಟು. ಕೆಲವು ದಿನ ಬಿಟ್ಟು ಮತ್ತೆ ಶುರುಮಾಡಿದಾಗಲೂ ಹಾಗೆಯೇ. ಊರಿಗೆ ಹೋದಾಗ ಮಾತ್ರೆ ಮರೆತು, ವಾರ ಕಳೆದು ವಾಪಸು ಬಂದು ಮೊದಲಿನಂತೆ ನುಂಗುವವರು ಇದನ್ನು ಗಮನಿಸಬೇಕು. ಇಲ್ಲೊಂದು ವಿಚಿತ್ರವೂ ಇದೆ. ತಲೆಸುತ್ತು ಬಾರದಿರಲಿ ಎಂದು ಈ ಜಾತಿಯ ಮಾತ್ರೆಗಳನ್ನು ರಾತ್ರಿಗೆ ಹಚ್ಚುತ್ತಾರೆ, ಮಲಗಿದ ಮನುಷ್ಯ ಬೀಳುವುದಿಲ್ಲವಲ್ಲ. ಆದರೆ ಈ ಮನುಷ್ಯನ ಕಾಯಿಲೆಯೇ ರಾತ್ರಿ ಎರಡು ಗಂಟೆಗೆ ಎಬ್ಬಿಸುವ ಕಾಯಿಲೆ. ಕತ್ತಲಲ್ಲಿ ಧಡಕ್ಕನೆ ಎದ್ದು ಬಾತ್‌ರೂಮಿಗೆ ನಡೆಯುವ ಹೊತ್ತಿಗೆ ಮಾತ್ರೆಯೂ ಕೆಲಸದಲ್ಲಿರುತ್ತದೆ. ಮೇ ತಿಂಗಳಲ್ಲಿ ಹೈದರಾಬಾದಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಬೆವರಿ ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ. ಬಸ್ಸು ಓಡಿಸುವವರು, ಪಾಳಿಯಲ್ಲಿ ದುಡಿದವರು ಮೂತ್ರದ ಭಯಕ್ಕೆ ಹಗಲೆಲ್ಲ ನೀರನ್ನೇ ಕಡಿಮೆ ಕುಡಿಯುವ ರೂಢಿ ಇಟ್ಟುಕೊಂಡಿರುತ್ತಾರೆ. ಇದರ ಮೇಲೆ ಬಿಪಿಯ ಮಾತ್ರೆ. ಎಪ್ಪತ್ತರಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನಕ್ಕೆ ಅದು ಪ್ರಾಸ್ಟೇಟಿಗಿಂತ ದೊಡ್ಡ ಕಾಯಿಲೆಯಾಗುತ್ತದೆ. ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಏಳುವುದು, ಟ್ಯಾಮ್ಸುಲೋಸಿನ್‌ಅನ್ನು ಬರಿಹೊಟ್ಟೆಗಲ್ಲದೆ ದಿನಾ ಒಂದೇ ಊಟದ ಅರ್ಧ ಗಂಟೆಯ ಮೇಲೆ ತೆಗೆದುಕೊಳ್ಳುವುದು, ಇವೆರಡಕ್ಕೂ ಕಾಸು ಬೇಕಿಲ್ಲ. ಬರಿಹೊಟ್ಟೆಯಲ್ಲಿ ಈ ಔಷಧ ರಕ್ತಕ್ಕೆ ಹೆಚ್ಚು ಸೇರುತ್ತದೆ.

ಆಲ್ಫಾ ತಡೆಯುವ ಮಾತ್ರೆ ಬಿಗಿತವನ್ನು ಸಡಿಲಿಸುತ್ತದೆಯೇ ಹೊರತು ಗ್ರಂಥಿಯನ್ನು ಕುಗ್ಗಿಸುವುದಿಲ್ಲ. ಕುಗ್ಗಿಸಲು ಬೇರೆಯೇ ದಾರಿ ಬೇಕಾಯಿತು, ಅದರ ಸುಳಿವು ಸಿಕ್ಕಿದ್ದು ಕೆರಿಬಿಯನ್ ದ್ವೀಪದ ಡೊಮಿನಿಕನ್ ಗಣರಾಜ್ಯದ ಹಳ್ಳಿಯೊಂದರಲ್ಲಿ. ಹುಟ್ಟಿದಾಗ ಹೆಣ್ಣುಮಕ್ಕಳಂತೆ ಕಂಡು ಹರೆಯದಲ್ಲಿ ಗಂಡಾಗುವ ಕೆಲವರನ್ನು ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಅಲ್ಲಿ ಅಧ್ಯಯನ ಮಾಡಿ 1974ರಲ್ಲಿ ವರದಿ ಬರೆದರು: ಟೆಸ್ಟೋಸ್ಟೆರೋನನ್ನು ಇನ್ನೂ ತೀಕ್ಷ್ಣವಾದ ಹಾರ್ಮೋನಾಗಿ ಬದಲಿಸುವ ಕಿಣ್ವವೊಂದು ಅವರಲ್ಲಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅವರ ಪ್ರಾಸ್ಟೇಟ್ ಜೀವಮಾನವಿಡೀ ಚಿಕ್ಕದಾಗಿಯೇ ಉಳಿದಿತ್ತು. ಆ ಕಿಣ್ವವನ್ನು ತಡೆಯುವ ಫಿನಾಸ್ಟೆರೈಡ್ 1992ರಲ್ಲಿ ಮಾರುಕಟ್ಟೆಗೆ ಬಂತು, ಅದರ ತಮ್ಮನಂಥ ಡುಟಾಸ್ಟೆರೈಡ್ ಆಮೇಲೆ.  ಇವು ಗ್ರಂಥಿಯನ್ನು ಸುಮಾರು ಕಾಲು ಭಾಗ ಕುಗ್ಗಿಸುತ್ತವೆ, ಆದರೆ ಆರು ತಿಂಗಳು ಕಾಯಬೇಕು. 2003ರಲ್ಲಿ ಪ್ರಕಟವಾದ ಎಂಟಾಪ್ಸ್ ಪರೀಕ್ಷೆಯಲ್ಲಿ 3,047 ಗಂಡಸರನ್ನು ನಾಲ್ಕೂವರೆ ವರ್ಷ ನೋಡಲಾಯಿತು. ಕಾಯಿಲೆ ಮುಂದುವರಿಯುವ ಅಪಾಯವನ್ನು ಡಾಕ್ಸಾಜೋಸಿನ್ ಶೇ 39, ಫಿನಾಸ್ಟೆರೈಡ್ ಶೇ 34, ಎರಡೂ ಸೇರಿ ಶೇ 66ರಷ್ಟು ತಗ್ಗಿಸಿದವು. ಆದರೆ ಮೂತ್ರ ಪೂರ್ತಿ ಕಟ್ಟಿ ಪೈಪ್ ಹಾಕಿಸಿಕೊಳ್ಳುವ, ಆಪರೇಷನ್ನಿಗೆ ಹೋಗುವ ಅಪಾಯವನ್ನು ದೀರ್ಘಕಾಲ ಇಳಿಸಿದ್ದು ಫಿನಾಸ್ಟೆರೈಡ್ ಇದ್ದ ಗುಂಪುಗಳಲ್ಲಿ ಮಾತ್ರ. ಡಾಕ್ಸಾಜೋಸಿನ್ ಒಂದೇ ತೆಗೆದುಕೊಂಡವರಲ್ಲಿ ಅಲ್ಲ. ಒಂದೇ ಮಾತ್ರೆಯ ಲೆಕ್ಕ ಇಲ್ಲಿ ಎರಡನೆಯ ಸಲ ಕೆಡುತ್ತದೆ: ಗ್ರಂಥಿ ದೊಡ್ಡದಿದ್ದವನಿಗೆ ಪ್ರಾಸ್ಟೇಟ್ ಒಂದಕ್ಕೇ ಅದು ಸಾಲದು, ಇನ್ನು ಬಿಪಿಯ ಮಾತೆಲ್ಲಿ. ಗ್ರಂಥಿ ಕುಗ್ಗಿಸುವ ಈ ಮಾತ್ರೆಗಳು ಪಿಎಸ್‌ಎ ರಕ್ತಪರೀಕ್ಷೆಯ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುತ್ತವೆ ಎಂಬುದನ್ನು ಪರೀಕ್ಷೆ ನೋಡುವ ವೈದ್ಯರಿಗೆ ತಿಳಿಸದಿದ್ದರೆ, ಕ್ಯಾನ್ಸರಿನ ಸುಳಿವು ಸಹಜವೆಂದು ಕಂಡು ಜಾರಿಹೋಗಬಹುದು.

ಇಷ್ಟು ಹೇಳಿದರೆ ಒಬ್ಬರಾದರೂ ಕೇಳುತ್ತಾರೆ: ಮಾತ್ರೆ ಹೆಚ್ಚಾದಷ್ಟೂ ಜನ ಬಿಡುತ್ತಾರೆ, ಖರ್ಚೂ ಹೆಚ್ಚು, ಕುಷಾಯಿಗೂಡದ ಪಿಂಚಣಿದಾರನಿಗೆ ಐದು ಮಾತ್ರೆಯ ಡಬ್ಬಿ ಕೊಟ್ಟು ಅವನು ಎಲ್ಲವನ್ನೂ ನುಂಗುತ್ತಾನೆ ಎಂದುಕೊಳ್ಳುವುದು ಯಾವ ಜಾಣತನ? ಪ್ರಶ್ನೆ ಸರಿಯಾಗಿದೆ. ಮಾತ್ರೆಗಳನ್ನು ಒಂದುಗೂಡಿಸುವುದಕ್ಕೆ ನನ್ನ ವಿರೋಧವಿಲ್ಲ. ಎಲ್ಲಿ ಒಂದುಗೂಡಿಸಬೇಕು ಎಂಬುದರಲ್ಲಿ ಇದೆ. ಟೆಲ್ಮಿಸಾರ್ಟನ್ ಮತ್ತು ಅಮ್ಲೋಡಿಪಿನ್ ಸೇರಿಸಿದ ಒಂದೇ ಬಿಪಿ ಮಾತ್ರೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಬಿಪಿಯ ಇಂಥ ಜೋಡಿ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಟ್ಯಾಮ್ಸುಲೋಸಿನ್ ಮತ್ತು ಡುಟಾಸ್ಟೆರೈಡ್ ಸೇರಿದ ಮಾತ್ರೆಯೂ ಇದೆ, ದೊಡ್ಡ ಗ್ರಂಥಿ ಇದ್ದವರಿಗೆ ಅದು ಸರಿ. ಹಾಗೆ ಒಂದು ಕಾಯಿಲೆಯ ಒಳಗೆ ಎರಡನ್ನು ಒಂದು ಮಾಡಿದರೆ ಐದು ಮಾತ್ರೆ ಮೂರಾಗುತ್ತದೆ. ಕಾಯಿಲೆಯ ಗಡಿ ದಾಟಿ ಒಂದು ಮಾಡಿದರೆ, ಪ್ರಾಸ್ಟೇಟಿಗೆಂದು ಪ್ರಮಾಣ ಏರಿಸಿದಾಗ ಬಿಪಿ ಕುಸಿಯುತ್ತದೆ, ತಲೆಸುತ್ತೆಂದು ನಿಲ್ಲಿಸಿದಾಗ ಮೂತ್ರ ಕಟ್ಟುತ್ತದೆ, ಎರಡರ ಕಡಿವಾಣವೂ ಒಂದೇ ಕೈಯಲ್ಲಿ ಸಿಕ್ಕಿ ಒಂದನ್ನು ಎಳೆದರೆ ಇನ್ನೊಂದು ತಪ್ಪುತ್ತದೆ. ಖರ್ಚಿನ ಮಾತಿಗೆ ಬಂದರೆ, ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್‌ಥ್ಯಾಲಿಡೋನ್ ಮೂರೂ ಪೇಟೆಂಟ್ ಮುಗಿದ ಹಳೆಯ ಔಷಧಗಳು, ಜನೌಷಧಿ ಕೇಂದ್ರಗಳಲ್ಲಿ ಇನ್ನೂ ಅಗ್ಗ. 2017ರ ಕೊನೆಯಲ್ಲಿ ಶುರುವಾದ ಭಾರತದ ಬಿಪಿ ನಿಯಂತ್ರಣ ಕಾರ್ಯಕ್ರಮ ಮೊದಲು ಆಯ್ದ ಐದು ರಾಜ್ಯಗಳಲ್ಲಿ ತೆಲಂಗಾಣವೂ ಒಂದು. ಸರಳವಾದ ಒಂದೇ ಪಟ್ಟಿಯ ಮಾತ್ರೆಗಳನ್ನು ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆಯಾಗಿ, ತಿಂಗಳಿಗೆ ಸಾಲುವಷ್ಟು ಕೊಡುವುದೇ ಅದರ ಹುರುಳು.

ಆದರೆ ಎರಡೂ ಕಾಯಿಲೆಗಳನ್ನು ಎರಡಾಗಿ ನೋಡಿದ ಮಾತ್ರಕ್ಕೆ ಅವು ಒಂದರ ಗೊಡವೆಗೆ ಇನ್ನೊಂದು ಹೋಗುವುದಿಲ್ಲ ಎಂದಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯವಾಗಿದೆ ಅನ್ನಿಸುವುದು ಇದೇ: ಬಿಪಿಯ ಮಾತ್ರೆಯೇ ರಾತ್ರಿ ಮೂತ್ರಕ್ಕೆ ಎಬ್ಬಿಸಬಹುದು, ಬೈಗುಳ ಮಾತ್ರ ಪ್ರಾಸ್ಟೇಟಿಗೆ. ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಸಂಜೆಯ ಹೊತ್ತಿಗೆ ಪಾದ, ಕಣಕಾಲು ಊದಿಕೊಳ್ಳುತ್ತವೆ. ಹಗಲಿಡೀ ಕಾಲಿನಲ್ಲಿ ತಂಗಿದ ಆ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ಕಿಡ್ನಿಗೆ ಬರುತ್ತದೆ, ಮೂತ್ರವಾಗುತ್ತದೆ. ಆ ಮನುಷ್ಯ ರಾತ್ರಿ ಮೂರು ಸಲ ಎದ್ದು, ಪ್ರತಿ ಸಲವೂ ತುಂಬಾ ಮೂತ್ರ ಮಾಡುತ್ತಾನೆ. ಪ್ರಾಸ್ಟೇಟಿನದ್ದಾಗಿದ್ದರೆ ಸಾಮಾನ್ಯವಾಗಿ ಸ್ವಲ್ಪ ಸ್ವಲ್ಪವೇ ಬರುತ್ತಿತ್ತು. ವ್ಯತ್ಯಾಸ ಕೇಳುವವರಿಲ್ಲದಿದ್ದರೆ ಅವನಿಗೆ ಟ್ಯಾಮ್ಸುಲೋಸಿನ್ ಬರುತ್ತದೆ, ಅದು ತಲೆಸುತ್ತು ತರುತ್ತದೆ, ತಲೆಸುತ್ತಿಗೆ ಮತ್ತೊಂದು ಮಾತ್ರೆ ಬರುತ್ತದೆ. ಹಾಗೆಂದು ಅಮ್ಲೋಡಿಪಿನ್ ಕೆಟ್ಟದ್ದಲ್ಲ, ಅದರಿಂದ ಉಳಿದ ಜೀವಗಳು ಕಡಿಮೆಯಲ್ಲ. ಪ್ರಮಾಣ ಇಳಿಸಿ ಟೆಲ್ಮಿಸಾರ್ಟನ್ ಜತೆಗೂಡಿಸಿದರೆ ಊತ ಕಡಿಮೆಯಾಗುವುದುಂಟು. ಮೂತ್ರ ಹೆಚ್ಚಿಸುವ ಮಾತ್ರೆಯ ಮೇಲಿನ ಆಕ್ಷೇಪವೂ ಇಲ್ಲೇ ಬರುತ್ತದೆ. ಪ್ರಾಸ್ಟೇಟ್ ತೊಂದರೆ ಇದ್ದವನಿಗೆ ಕ್ಲೋರ್‌ಥ್ಯಾಲಿಡೋನ್ ಕೊಡುವುದು ಗಾಯದ ಮೇಲೆ ಬರೆ ಎಳೆದಂತಲ್ಲವೇ ಎನ್ನುವವರಿದ್ದಾರೆ. ಮೊದಲ ಕೆಲವು ವಾರ ಮೂತ್ರ ಹೆಚ್ಚುವುದು ನಿಜ, ಆಮೇಲೆ ದೇಹ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ; ಬೆಳಿಗ್ಗೆಯೇ ನುಂಗಿದರೆ ರಾತ್ರಿಗೆ ಅಷ್ಟು ಕಾಟವಿಲ್ಲ. ಸಂಜೆ ಕಾಲು ಊದಿಕೊಳ್ಳುವವರಿಗಂತೂ ಆ ನೀರನ್ನು ಹಗಲಲ್ಲೇ ಹೊರಹಾಕಿ ರಾತ್ರಿಯ ನಿದ್ದೆ ಉಳಿಸುವುದೂ ಸಾಧ್ಯ. ಆದರೆ ಧಾರೆ ತೀರಾ ಕಟ್ಟಿರುವವನಿಗೆ, ಮೂತ್ರಕೋಶದಲ್ಲಿ ಬಹಳ ಉಳಿಯುವವನಿಗೆ ಇದನ್ನು ಯೋಚಿಸಿಯೇ ಕೊಡಬೇಕು. ಆಕ್ಷೇಪದಲ್ಲಿ ಅಷ್ಟು ನಿಜವಿದೆ.

ಎರಡಕ್ಕೂ ಒಂದೇ ಮದ್ದು ಬೇಕೇಬೇಕು ಎನ್ನುವವರಿಗೆ ಹತ್ತಿರದ್ದೊಂದು ಅಡುಗೆಮನೆಯಲ್ಲಿದೆ. ನಾಗಸಾಕಿಯ ತೊಮೊಹಿರೊ ಮಾತ್ಸುವೊ ಮತ್ತು ಸಂಗಡಿಗರು ರಾತ್ರಿ ಏಳುವ, ಉಪ್ಪು ಹೆಚ್ಚು ತಿನ್ನುವ 321 ಜನರಿಗೆ ಉಪ್ಪು ಕಡಿಮೆ ಮಾಡಲು ಹೇಳಿ ನೋಡಿದರು. ಫಲಿತಾಂಶವನ್ನು 2017ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ಮಂಡಿಸಿದರು. ದಿನಕ್ಕೆ 10.7 ಗ್ರಾಂನಿಂದ 8 ಗ್ರಾಂಗೆ ಇಳಿಸಿದವರು ರಾತ್ರಿ ಏಳುವುದು ಸರಾಸರಿ 2.3ರಿಂದ 1.4 ಸಲಕ್ಕೆ ಇಳಿಯಿತು. ಮಾತು ಕೇಳದೆ ಉಪ್ಪು ಏರಿಸಿಕೊಂಡವರಲ್ಲಿ 2.7ಕ್ಕೆ ಏರಿತು. ಇದು ಚಿಕ್ಕ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ, ಮನಸ್ಸು ಗಟ್ಟಿ ಇದ್ದವರು ಉಪ್ಪಿನ ಜತೆ ಇನ್ನೇನನ್ನೋ ಬದಲಿಸಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಉಪ್ಪು ಇಳಿದರೆ ಬಿಪಿ ಇಳಿಯುತ್ತದೆ ಎಂಬುದಕ್ಕೆ ಬೇಕಾದಷ್ಟು ಸಾಕ್ಷ್ಯವಿದೆ, ಅಪಾಯ ಕಡಿಮೆ, ಖರ್ಚಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಐದು ಗ್ರಾಂಗಿಂತ ಕಡಿಮೆ. ಭಾರತೀಯರು ತಿನ್ನುವುದು ಹೆಚ್ಚುಕಡಿಮೆ ಅದರ ಎರಡರಷ್ಟು. ಆವಕಾಯ, ಗೋಂಗೂರ ಪಚ್ಚಡಿಯ ನಾಡಿನಲ್ಲಿ, ಅದರ ಜತೆಗೆ ನಮ್ಮ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿಗಳನ್ನೂ ಇಟ್ಟುಕೊಂಡ ಕನ್ನಡ ಮನೆಗಳಲ್ಲಿ, ರಾತ್ರಿಯ ಊಟದಲ್ಲಾದರೂ ಇವನ್ನು ಬಿಡುವುದು ಮಾತ್ರೆ ನುಂಗುವುದಕ್ಕಿಂತ ಕಷ್ಟ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಚೀಟಿಯಿಲ್ಲದೆ ಕೊಳ್ಳುವ ಮಾತ್ರೆಗಳು. ನಮ್ಮ ಸಾಮಾನ್ಯ ನೆಗಡಿ ಮಾತ್ರೆಗಳಲ್ಲಿ ಬಹಳಷ್ಟರಲ್ಲಿ ಫಿನೈಲೆಫ್ರಿನ್ ಎಂಬ ಮೂಗು ಬಿಡಿಸುವ ಔಷಧವೂ ಕ್ಲೋರ್‌ಫೆನಿರಮಿನ್ ಎಂಬ ತೂಕಡಿಕೆ ತರುವ ಔಷಧವೂ ಇರುತ್ತವೆ. ಮೊದಲನೆಯದು ಟ್ಯಾಮ್ಸುಲೋಸಿನ್ ಯಾವ ಗ್ರಾಹಕವನ್ನು ತಡೆಯುತ್ತದೋ ಅದನ್ನೇ ಒತ್ತಿ ಬಿಗಿಗೊಳಿಸುತ್ತದೆ, ಬಿಪಿಯನ್ನೂ ಏರಿಸಬಹುದು. ಎರಡನೆಯದು ಮೂತ್ರಕೋಶದ ಸ್ನಾಯುವನ್ನು ಮಂಕಾಗಿಸುತ್ತದೆ. ಆಲ್ಫಾ ತಡೆದು ಎರಡೂ ಕಾಯಿಲೆಗಳನ್ನು ಒಂದೇ ಏಟಿಗೆ ಗುಣಪಡಿಸುವ ಮಾತ್ರೆ ಸಿಗಲಿಲ್ಲ, ಎರಡನ್ನೂ ಒಂದೇ ಏಟಿಗೆ ಕೆಡಿಸುವ ಮಾತ್ರೆ ಮಾತ್ರ ಮೂಲೆಯ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ! ಮಂಡಿನೋವಿಗೆಂದು ನುಂಗುವ ಡೈಕ್ಲೋಫಿನಾಕ್ ಜಾತಿಯ ಮಾತ್ರೆಗಳೂ ಬಿಪಿ ಏರಿಸುತ್ತವೆ, ಕಿಡ್ನಿಗೆ ಕುತ್ತು. ಮೂತ್ರ ದಿಢೀರನೆ ಕಟ್ಟುವ ಅಪಾಯವೂ ಇವುಗಳಿಂದ ಎರಡು ಪಟ್ಟಾದದ್ದನ್ನು ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದು 2005ರಲ್ಲಿ ಕಂಡಿತ್ತು. ಚೀಟಿಯ ಮೇಲೆ ಬರುವ ಮಾತ್ರೆಗಳಲ್ಲೂ ಎಚ್ಚರ ಬೇಕಾದವಿವೆ. ಪ್ರಾಸ್ಟೇಟಿಗೂ ಲೈಂಗಿಕ ದೌರ್ಬಲ್ಯಕ್ಕೂ ಕೊಡುವ ಟಡಾಲಫಿಲ್ ಅಂಥದ್ದೊಂದು. ಎದೆನೋವಿಗೆ ನೈಟ್ರೇಟ್ ಮಾತ್ರೆ ಇಟ್ಟುಕೊಂಡವರು ಅದನ್ನು ಮುಟ್ಟಲೇಬಾರದು. ಮೂತ್ರದ ಅವಸರಕ್ಕೆ ಕೊಡುವ ಮಿರಾಬೆಗ್ರಾನ್ ಬಿಪಿ ಏರಿಸಬಲ್ಲದು, ಬಿಪಿ ಹಿಡಿತಕ್ಕೆ ಬಾರದವರಿಗೆ ಅದು ಬೇಡ. ಕಣ್ಣಿನ ಪೊರೆಯ ಆಪರೇಷನ್ನಿಗೆ ಹೋಗುವವರು, ಈ ವಯಸ್ಸಿನಲ್ಲಿ ಹೋಗದವರೇ ಕಡಿಮೆ, ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಿದ್ದೇನೆ ಅಥವಾ ಹಿಂದೆ ತೆಗೆದುಕೊಂಡಿದ್ದೆ ಎಂದು ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಬೇಕು. ಈ ಮಾತ್ರೆ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆಯನ್ನು ಸಡಿಲಗೊಳಿಸಿ ಆಪರೇಷನ್ನನ್ನು ಕಠಿಣ ಮಾಡುತ್ತದೆ ಎಂಬುದನ್ನು ಚಾಂಗ್ ಮತ್ತು ಕ್ಯಾಂಬೆಲ್ 2005ರಲ್ಲಿ ವಿವರಿಸಿದರು. ನಾಲ್ಕು ದಿನ ಮಾತ್ರೆ ನಿಲ್ಲಿಸಿದರೆ ಈ ಪರಿಣಾಮ ಹೋಗುತ್ತದೆ ಎಂಬ ಭರವಸೆಯಿಲ್ಲ. ಮೊದಲೇ ಗೊತ್ತಿದ್ದರೆ ಸರ್ಜನ್ ತಯಾರಾಗಿರುತ್ತಾರೆ, ಅಷ್ಟು ಸಾಕು.

ಹೀಗೆ ನೋಡುತ್ತ ಬಂದರೆ ಒಂದು ಮಾತ್ರೆಯ ಆಸೆಯ ಹಿಂದೆ ಇದ್ದ ನಿಜವಾದ ಕೊರತೆ ಬೇರೆಯೇ ಎಂದು ಕಾಣುತ್ತದೆ. ಬಿಪಿಯ ಚೀಟಿ ಬರೆಯುವವರು ಬಡಾವಣೆಯ ಸರ್ಕಾರಿ ಕ್ಲಿನಿಕ್ಕಾದ ಬಸ್ತಿ ದವಾಖಾನೆಯ ವೈದ್ಯರೋ ಫಿಸಿಷಿಯನ್ನರೋ, ಪ್ರಾಸ್ಟೇಟಿನದು ಯುರಾಲಜಿಸ್ಟರದು, ನೋವಿನದು ಮೂಳೆ ಡಾಕ್ಟರದು, ನೆಗಡಿಯದು ಮೆಡಿಕಲ್ ಶಾಪಿನವನದು. ಎಲ್ಲ ಚೀಟಿಗಳನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿ ನೋಡುವ ಒಬ್ಬರು ಮಾತ್ರ ಇಲ್ಲ. ಒಂದು ಮಾತ್ರೆ ಬೇಕಿಲ್ಲ, ಒಂದು ಪಟ್ಟಿ ಬೇಕು. ಆ ಪಟ್ಟಿಗೆ ಒಬ್ಬ ಹೊಣೆಗಾರ ವೈದ್ಯ ಬೇಕು. ಹೊರರೋಗಿಗಳ ಸಾಲು ಬಾಗಿಲಾಚೆ ಬೆಳೆದಿರುವಾಗ ಯಾವ ಡಾಕ್ಟರಿಗೆ ಅಷ್ಟು ಪುರುಸೊತ್ತು ಎಂದು ಕೇಳಬಹುದು. ಕೇಳುವುದು ಸರಿ, ಆದರೆ ಇಲ್ಲಿ ಬೇಕಾದ ಹೊತ್ತು ಬಹಳವಲ್ಲ. ನಿವೃತ್ತ ಗಂಡಸೊಬ್ಬ ಹಾಳೆಯೊಂದರಲ್ಲಿ ತಾನು ನುಂಗುವ ಎಲ್ಲವನ್ನೂ, ಆಯುರ್ವೇದದ ಗುಳಿಗೆಯನ್ನೂ ಸೇರಿಸಿ, ಹೊತ್ತಿನ ಸಮೇತ ಬರೆದು ಜೇಬಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಎರಡು ದಿನ ಮೂತ್ರದ ಹೊತ್ತು, ಅಳತೆ ಬರೆದಿಟ್ಟುಕೊಂಡರೆ ರಾತ್ರಿಯ ಮೂತ್ರ ಪ್ರಾಸ್ಟೇಟಿನದೋ ಕಾಲಿನ ನೀರಿನದೋ ಎಂಬುದು ಬಹುಮಟ್ಟಿಗೆ ಅದರಲ್ಲೇ ಕಾಣುತ್ತದೆ. ಯಾವ ಮಾತ್ರೆಯನ್ನೂ ತಾನಾಗಿ ನಿಲ್ಲಿಸದೆ ಈ ಎರಡು ಹಾಳೆ ಹಿಡಿದು ಹೋಗಬೇಕು, ಅಷ್ಟೆ. ವೈದ್ಯರ ಕಡೆಯಿಂದ ಆಗಬೇಕಾದದ್ದೂ ಒಂದಿದೆ, ಅದು ನಮ್ಮಲ್ಲಿ ವಿರಳ: ಆಲ್ಫಾ ತಡೆಯುವ ಮಾತ್ರೆ ಬರೆಯುವ ಮುಂಚೆಯೂ, ಬರೆದು ಎರಡು ಮೂರು ವಾರದ ಮೇಲೂ, ಕೂತಾಗಿನ ಬಿಪಿಯ ಜತೆಗೆ ಎದ್ದು ನಿಂತ ಮೂರು ನಿಮಿಷದೊಳಗಿನ ಬಿಪಿಯನ್ನೂ ಅಳೆಯುವುದು. ಮೇಲಿನ ಸಂಖ್ಯೆ ಇಪ್ಪತ್ತು ಅಥವಾ ಕೆಳಗಿನದು ಹತ್ತು ಪಾಯಿಂಟಾಗಲಿ ಅದಕ್ಕಿಂತ ಹೆಚ್ಚಾಗಲಿ ಬಿದ್ದರೆ ಮಾತ್ರೆಯ ಆಯ್ಕೆಯನ್ನೇ ಮತ್ತೆ ಯೋಚಿಸಬೇಕು. ಬಿಪಿ ಯಂತ್ರ ಪ್ರತಿ ಬಸ್ತಿ ದವಾಖಾನೆಯಲ್ಲೂ ಇರುವಂಥದ್ದು, ರೋಗಿಯನ್ನು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿ ಇನ್ನೊಂದು ಸಲ ಪಟ್ಟಿ ಉಬ್ಬಿಸಲು ಹೊಸ ಉಪಕರಣವೇನೂ ಬೇಕಾಗಿಲ್ಲ.